ಹಿಮದೂರಿನಲ್ಲಿ ನಮ್ಮವರ ಮನೆ



ಪರದೇಶ ಪ್ರಯಾಣವೆಂದರೆ ಒಂದು ಕಾಲದಲ್ಲಿ ವಿದ್ಯೆಗಾಗಿ ಹೊರಟ ತರುಣರ ಮಾತಾಗಿತ್ತು. ಇಲ್ಲವೆ ವ್ಯಾಪಾರಸ್ಥರ, ರಾಜಕಾರ್ಯನಿಮಿತ್ತ ತೆರಳುವ ಅಧಿಕಾರಿಗಳ ಮಾತಾಗಿತ್ತು. ಈಗ ಆ ದಾರಿ ಹಿಡಿಯುವವರಲ್ಲಿ ಅರುವತ್ತು ದಾಟಿದ ತಾಯಿತಂದೆಗಳೂ ಬಹುಮಂದಿ ಇದ್ದಾರೆ. ಅವರು ಹೊರಡುವುದು ದೇಶ ನೋಡುವುದಕ್ಕಲ್ಲ. ಮಗಳ ಬಾಣಂತನಕ್ಕೆ, ಮೊಮ್ಮಗುವನ್ನು ಎತ್ತಿಕೊಳ್ಳುವುದಕ್ಕೆ, ಮಗನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುವುದಕ್ಕೆ. ಬೆಂಗಳೂರು ದಂಡಿನ ಈಶಾನ್ಯಕ್ಕಿರುವ ನಮ್ಮ ಲಿಂಗರಾಜಪುರದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷು ಇಷ್ಟು ಭಾಷೆಗಳೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಮಾತು ಯಾವುದಾದರೂ ಆಗಲಿ, ಸಂಜೆಯ ಹೊತ್ತು ಮನೆಮನೆಯ ಜಗಲಿಯಲ್ಲಿ ಏಳುವ ಪ್ರಶ್ನೆಯೊಂದುಂಟು: "ಡಿಸೆಂಬರಿನಲ್ಲಿ ಬಾ ಎನ್ನುತ್ತಾರೆ, ಆ ಚಳಿಯಲ್ಲಿ ಹೋಗಬಹುದೇ?"

ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ "ಬೇಡ, ಬೇಸಗೆಗೆ ಹೋಗಿ" ಎಂಬುದು. ಇದು ಬುದ್ಧಿವಂತಿಕೆಯ ಮಾತೇ ಸರಿ. ಆದರೆ ಮಕ್ಕಳು ಪಂಚಾಂಗ ನೋಡಿ ಹುಟ್ಟುವುದಿಲ್ಲ. ಮಗನಿಗೂ ಸೊಸೆಗೂ ಒಟ್ಟಿಗೆ ರಜೆ ಸಿಕ್ಕುವುದು ಕ್ರಿಸ್ಮಸ್ಸಿನಲ್ಲಿ. ಹೋಗಲೇಬೇಕಾದವರಿಗೆ ಬೇಡವೆಂಬ ಬುದ್ಧಿವಾದದಿಂದ ಆಗುವ ಪ್ರಯೋಜನವೇನು? ಆದಕಾರಣ ಆ ಚಳಿಗಾಲವೆಂದರೆ ಏನು, ಪಟ್ಟಣವನ್ನು ಬಿಟ್ಟು ದೂರದ ಹಳ್ಳಿಯೊಂದರಲ್ಲಿ ಅದು ಹೇಗೆ ನಡೆಯುತ್ತದೆ, ಅಲ್ಲಿಗೆ ಹೋದ ನಮ್ಮವರು ಅದರೊಡನೆ ಹೇಗೆ ಬಾಳಬೇಕು ಎಂಬುದನ್ನು ಈ ಹೊತ್ತು ವಿವರಿಸಲು ಯತ್ನಿಸುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಅಲ್ಲಿ ಚಳಿಯೆಂಬುದು ಹವೆಯ ಒಂದು ಸ್ಥಿತಿ ಮಾತ್ರವಲ್ಲ; ಅದೊಂದು ಗೃಹಕೃತ್ಯ. ಅದರ ಕಟ್ಟಳೆಯನ್ನು ಅರಿತು, ಅದರ ಕೆಲಸದಲ್ಲಿ ಒಂದು ಪಾಲನ್ನು ತನ್ನದಾಗಿ ಮಾಡಿಕೊಂಡ ಅತಿಥಿಯು ಮನೆಯವನಾಗುತ್ತಾನೆ. ಅರಿಯದವನು ಕಿಟಕಿಯ ಪಕ್ಕದಲ್ಲಿ ಕುಳಿತು ಹಿಂದಿರುಗುವ ದಿನವನ್ನು ಎಣಿಸುತ್ತಾನೆ.

ಮಾತು ತೀರ ಸಾಮಾನ್ಯವಾಗಬಾರದೆಂದು ಒಂದು ಸೀಮೆಯನ್ನು ಆರಿಸಿಕೊಳ್ಳುತ್ತೇನೆ. ಜರ್ಮನಿಯ ನೈಋತ್ಯ ಭಾಗದಲ್ಲಿ ಬಾಡೆನ್-ವ್ಯೂರ್ಟೆಂಬರ್ಗ್ ಎಂಬ ರಾಜ್ಯವಿದೆ. ಸ್ಟಟ್‌ಗಾರ್ಟ್ ಅದರ ರಾಜಧಾನಿ. ಅದಕ್ಕೆ ದಕ್ಷಿಣದಲ್ಲಿ ಸ್ವೇಬಿಯನ್ ಆಲ್ಬ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿ ಹಬ್ಬಿಕೊಂಡಿದೆ. ಈ ಸೀಮೆಗೂ ಬೆಂಗಳೂರಿಗೂ ಇರುವ ನಂಟು ಹೊಸದಲ್ಲ. ಸ್ಟಟ್‌ಗಾರ್ಟಿನ ಬಾಷ್ ಸಂಸ್ಥೆಯ ಸಂಬಂಧದಿಂದ ೧೯೫೧ರಲ್ಲಿ ಹುಟ್ಟಿ, ಆಡುಗೋಡಿಯ ಕಾರ್ಖಾನೆಯಿಂದ ಊರಿಗೆಲ್ಲ ಪರಿಚಿತವಾದ ಮೈಕೋ ಕಂಪನಿಯನ್ನು ಬಲ್ಲದ ಬೆಂಗಳೂರಿಗರುಂಟೇ? ಅದು ೨೦೦೮ರಲ್ಲಿ ಬಾಷ್ ಎಂಬ ಹೆಸರನ್ನೇ ತಾಳಿತು. ಮರ್ಸಿಡಿಸ್ ಮೋಟಾರು ತಯಾರಕರು ೧೯೯೬ರಲ್ಲಿ ನಮ್ಮ ನಗರದಲ್ಲಿ ಸಂಶೋಧನಾ ಕೇಂದ್ರವನ್ನು ತೆರೆದರು. ಈ ಬಗೆಯ ಸಂಸ್ಥೆಗಳಲ್ಲಿ ದುಡಿಯುವ ತರುಣ ತರುಣಿಯರು, ಆಸ್ಪತ್ರೆಗಳ ದಾದಿಯರು ಆ ನಾಡಿಗೆ ಹೋಗಿ ನೆಲಸುತ್ತಾರೆ. ಪಟ್ಟಣದಲ್ಲಿ ಬಾಡಿಗೆ ದುಬಾರಿಯಾದುದರಿಂದ ಕೆಲವರು ಬೆಟ್ಟದ ಮೇಲಣ ಹಳ್ಳಿಗಳಲ್ಲಿ ಮನೆಮಾಡುತ್ತಾರೆ. ನನ್ನ ತಂಗಿಯ ಸಂಸಾರವೂ ಹಾಗೆ ರಾಯ್ಟ್‌ಲಿಂಗೆನ್ ಪಟ್ಟಣದ ಮೇಲ್ಭಾಗದ ಒಂದು ಹಳ್ಳಿಯನ್ನು ಸೇರಿದೆ.

ಕನ್ನಡಿಗರಿಗೆ ಆ ಸೀಮೆಯ ಮೇಲೆ ಇನ್ನೊಂದು ಋಣವೂ ಉಂಟು. ನಮ್ಮ ಭಾಷೆಗೆ ೧೮೯೪ರಲ್ಲಿ ಮಹಾಕೋಶವನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಮಹಾಶಯರು ಹುಟ್ಟಿದ್ದು ೧೮೩೨ರಲ್ಲಿ, ಜರ್ಮನಿಯ ಉತ್ತರ ಕಡಲಂಚಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಆದರೆ ಅವರು ಕೊನೆಯ ವರ್ಷಗಳನ್ನು ಕಳೆದು ೧೯೦೩ರಲ್ಲಿ ಕಣ್ಮುಚ್ಚಿದುದು ಈ ಆಲ್ಬ್ ಬೆಟ್ಟಗಳಿಗೆ ಹತ್ತಿರದ ಟ್ಯೂಬಿಂಗೆನ್ ಪಟ್ಟಣದಲ್ಲಿ. ಮಹಾತ್ಮಾ ಗಾಂಧಿ ರಸ್ತೆಯ ಕೊನೆಯಲ್ಲಿ ಮೇಯೊ ಹಾಲಿನ ಬಳಿ ನಿಂತಿರುವ ಅವರ ಪ್ರತಿಮೆಯನ್ನು ದಂಡಿನವರು ದಿನವೂ ನೋಡುತ್ತಾರೆ. ನಮ್ಮ ಬಿಸಿಲಿನಲ್ಲಿ ದಶಕಗಳ ಕಾಲ ಕೆಲಸಮಾಡಿದ ಆ ಮಹನೀಯರಿಗೆ ನಮ್ಮ ಹವೆ ಎಷ್ಟು ಹೊಸದಾಗಿ ತೋರಿತ್ತೋ, ಅವರ ನಾಡಿನ ಹವೆ ನಮ್ಮ ಹಿರಿಯರಿಗೆ ಅಷ್ಟೇ ಹೊಸದು.

ಇನ್ನು ಚಳಿಯ ಕಾರಣವನ್ನು ನೋಡೋಣ. ಬೆಟ್ಟದ ಮೇಲಿನ ಹಳ್ಳಿ ಎಂದೊಡನೆ ಎತ್ತರದಿಂದಲೇ ಚಳಿ ಎಂದು ನಾವು ಭಾವಿಸುತ್ತೇವೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಆಲ್ಬಿನ ಹಳ್ಳಿಗಳಲ್ಲಿ ಬಹುಪಾಲು ೭೦೦, ೮೦೦ ಮೀಟರಿನವು. ಎತ್ತರದಲ್ಲಿ ನಾವೇ ಮೇಲು! ಭೇದವಿರುವುದು ಅಕ್ಷಾಂಶದಲ್ಲಿ. ನಾವು ಭೂಮಧ್ಯರೇಖೆಯಿಂದ ೧೩ ಡಿಗ್ರಿ ಉತ್ತರದಲ್ಲಿದ್ದರೆ ಅವರು ೪೮ ಡಿಗ್ರಿಗೂ ಆಚೆ ಇದ್ದಾರೆ. ಡಿಸೆಂಬರ್ ೨೧ರ ಸುಮಾರಿಗೆ ನಡುಹಗಲಿನಲ್ಲಿ ನಮ್ಮ ಸೂರ್ಯನು ದಿಗಂತದಿಂದ ೫೩ ಡಿಗ್ರಿಯಷ್ಟು ಮೇಲೆ ನಿಲ್ಲುತ್ತಾನೆ; ಅಲ್ಲಿಯ ಸೂರ್ಯನು ಏರುವುದು ೧೮ ಡಿಗ್ರಿ ಮಾತ್ರ. ಅಂದರೆ ನಮ್ಮಲ್ಲಿ ಬೆಳಗಿನ ಎಂಟು ಗಂಟೆಯ ಸುಮಾರಿಗೆ ಕಾಣುವ ಓರೆಬಿಸಿಲೇ ಅಲ್ಲಿಯ ಮಟಮಟ ಮಧ್ಯಾಹ್ನ. ಓರೆಯಾಗಿ ಬಿದ್ದ ಕಿರಣಗಳು ಹೆಚ್ಚು ನೆಲದ ಮೇಲೆ ಹರಡಿಹೋಗುವುದರಿಂದ ಒಂದೊಂದು ಅಡಿ ನೆಲಕ್ಕೂ ದೊರೆಯುವ ಕಾವು ಅಲ್ಪ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಕಡುಚಳಿ ೧೮೮೪ರ ಜನವರಿಯ ೭.೮ ಡಿಗ್ರಿ ಸೆಂಟಿಗ್ರೇಡು. ಆಲ್ಬಿನ ಮೇಲೆ ಜನವರಿಯ ಸರಾಸರಿಯೇ ಸೊನ್ನೆಯ ಆಸುಪಾಸಿನಲ್ಲಿರುತ್ತದೆ.

ಕಾವಿನಂತೆ ಬೆಳಕಿಗೂ ಕೊರತೆ. ಆ ದಿನಗಳಲ್ಲಿ ನಮಗೆ ಹಗಲು ೧೧ ಗಂಟೆ ೨೦ ನಿಮಿಷದಷ್ಟು. ಅವರಿಗೆ ಎಂಟೂಕಾಲು ಗಂಟೆ. ಬೆಳಗ್ಗೆ ಎಂಟು ದಾಟಿದ ಮೇಲೆ ಸೂರ್ಯೋದಯ, ಸಂಜೆ ನಾಲ್ಕೂವರೆಗೆ ಅಸ್ತಮಾನ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಆದುದರಿಂದ ಅಲ್ಲಿ ದೀಪ ಹಚ್ಚುವ ಹೊತ್ತಿಗೆ ಲಿಂಗರಾಜಪುರದಲ್ಲಿ ರಾತ್ರಿ ಒಂಬತ್ತು. ಊಟ ಮುಗಿಸಿ ಬಾಗಿಲು ಹಾಕುವ ಸಮಯ. ಊರಿನ ನೆಂಟರೊಡನೆ ಮಾತನಾಡೋಣವೆಂದು ಕತ್ತಲಾದ ಮೇಲೆ ಫೋನು ಹಿಡಿದರೆ ಇಲ್ಲಿ ಎಲ್ಲರೂ ಮಲಗಿರುತ್ತಾರೆ. ದೀರ್ಘವಾದ ಸಂಜೆಯನ್ನು ಕಳೆಯಲು ಊರಿನ ಮಾತಿನ ಆಸರೆ ಸಿಕ್ಕದು. ವೃದ್ಧರಿಗೆ ಅಲ್ಲಿ ಉಂಟಾಗುವ ಬೇಸರಕ್ಕೆ ಈ ನಾಲ್ಕೂವರೆ ಗಂಟೆಯೂ ಒಂದು ಕಾರಣ.

ಚಳಿಯ ರೂಪಗಳನ್ನು ಹೆಸರಿಸುವಲ್ಲಿ ನಾವು ಸ್ವಲ್ಪ ಎಚ್ಚರ ವಹಿಸಬೇಕು. ನಮ್ಮ ಮಾತಿನಲ್ಲಿ "ಮಂಜು" ಎಂಬ ಒಂದು ಶಬ್ದವು ಹಲವು ವಸ್ತುಗಳನ್ನು ಸೂಚಿಸುತ್ತದೆ. ನಂದಿಬೆಟ್ಟದ ಮೇಲೆ ಮುಸುಕುವುದೂ ಮಂಜು, ಹಿಮಾಲಯದ ಮೇಲೆ ಬೀಳುವುದೂ ಮಂಜು, ಗಡ್ಡೆಯಾದರೆ ಮಂಜುಗಡ್ಡೆ. ಆ ಹಳ್ಳಿಯಲ್ಲಾದರೋ ಇವುಗಳ ಭೇದವನ್ನು ತಿಳಿಯದವನ ಕೈಕಾಲಿಗೆ ಅಪಾಯ. ನೆಲಕ್ಕಿಳಿದ ಮೋಡವೇ ಕಾವಳ. ಇದು ದಾರಿಯನ್ನು ಮರೆಸುತ್ತದೆ, ಕಾಲನ್ನು ಜಾರಿಸುವುದಿಲ್ಲ. ಗಾಳಿಯ ನೀರಾವಿಯು ತಣ್ಣನೆಯ ಹುಲ್ಲನ್ನು ಮುಟ್ಟಿ ಹನಿಯಾದರೆ ಇಬ್ಬನಿ; ಸೊನ್ನೆಗಿಂತ ತಣ್ಣಗಿರುವ ವಸ್ತುವನ್ನು ಮುಟ್ಟಿ ನೇರವಾಗಿ ಬಿಳಿಯ ಹರಳಾದರೆ ಅದು ಘನೀಭೂತವಾದ ಇಬ್ಬನಿ. ಮೋಡದೊಳಗೇ ಹರಳುಗಟ್ಟಿ ಅರಳೆಯಂತೆ ಇಳಿಯುವುದು ಹಿಮ. ಹೊಸದಾಗಿ ಬಿದ್ದ ಹಿಮವು ಅಷ್ಟೊಂದು ಭಯಂಕರವಲ್ಲ. ಕಾಲಿಟ್ಟರೆ ಕರಕರನೆ ಒತ್ತಿಕೊಂಡು ಹಿಡಿತ ಕೊಡುತ್ತದೆ. ನಿಜವಾದ ವೈರಿ ಯಾವುದೆಂದರೆ, ಹಗಲಿನಲ್ಲಿ ಕರಗಿ ರಾತ್ರಿಯಲ್ಲಿ ಮತ್ತೆ ಹೆಪ್ಪುಗಟ್ಟಿದ ತೆಳುವಾದ ನೀರ್ಗಲ್ಲಿನ ಪದರ. ಅದು ಗಾಜಿನಂತೆ ಪಾರದರ್ಶಕವಾದುದರಿಂದ ಒದ್ದೆಯಾದ ದಾರಿಯೆಂದೇ ತೋರುತ್ತದೆ. ಉಷ್ಣಮಾನ ಸೊನ್ನೆಯ ಆಚೀಚೆ ತೂಗಾಡುವ ದಿನಗಳಲ್ಲಿ ಒದ್ದೆಯಾಗಿ ಕಾಣುವ ನೆಲವನ್ನೆಲ್ಲ ನೀರ್ಗಲ್ಲೆಂದೇ ಭಾವಿಸುವುದು ಕ್ಷೇಮ.

ಇನ್ನೊಂದು ವಿಚಿತ್ರವೂ ಉಂಟು. ತಣ್ಣನೆಯ ಗಾಳಿಯು ಬೆಚ್ಚನೆಯ ಗಾಳಿಗಿಂತ ತೂಕವಾದುದು. ನೀರಿನಂತೆಯೇ ತಗ್ಗಿಗೆ ಹರಿದು ನಿಲ್ಲುತ್ತದೆ. ಆದುದರಿಂದ ಚಳಿಗಾಲದ ಕೆಲವು ದಿನಗಳಲ್ಲಿ ಕಣಿವೆಯ ಪಟ್ಟಣಗಳೆಲ್ಲ ಬೂದುಬಣ್ಣದ ಕಾವಳದಲ್ಲಿ ಮುಳುಗಿರುವಾಗ ಆಲ್ಬಿನ ಮೇಲಣ ಹಳ್ಳಿಗಳಲ್ಲಿ ನಿಚ್ಚಳವಾದ ಬಿಸಿಲಿರುತ್ತದೆ. ಅದೇ ಬೆಟ್ಟದ ಮೇಲೆಯೇ ಬೋಗುಣಿಯಂತಿರುವ ತಗ್ಗುಗಳಲ್ಲಿ ಶೀತಗಾಳಿ ಮಡುಗಟ್ಟಿ, ನೂರಾರು ಹೆಜ್ಜೆ ಆಚೆಗಿನ ದಿಬ್ಬಕ್ಕಿಂತ ಎಷ್ಟೋ ಡಿಗ್ರಿ ಹೆಚ್ಚು ಚಳಿ ಸೇರಿಕೊಂಡಿರುತ್ತದೆ. ಮನೆ ದಿಬ್ಬದ ಮೇಲಿದೆಯೋ ತಗ್ಗಿನಲ್ಲಿದೆಯೋ ಎಂಬುದನ್ನು ಹೊರಡುವ ಮುನ್ನವೇ ಕೇಳಿ ತಿಳಿದರೆ ಬಟ್ಟೆಬರೆಯನ್ನು ಆರಿಸುವಾಗ ಉಪಯೋಗಕ್ಕೆ ಬರುತ್ತದೆ.

ಹೊರಗಿನ ಮಾತು ಇಷ್ಟಾಯಿತು. ಈಗ ಮನೆಯೊಳಗೆ ಬರೋಣ. ತಾಯಿತಂದೆಗಳಿಗೂ ಮಕ್ಕಳಿಗೂ ಮನಸ್ತಾಪ ಹುಟ್ಟುವುದು ಹಿಮದಿಂದಲ್ಲ, ಕಿಟಕಿಯಿಂದ ಎಂದರೆ ತಾವು ನಗಬಹುದು. ಆದರೂ ಇದು ಸತ್ಯ. ಆ ಮನೆಗಳ ಗೋಡೆಗಳು ದಪ್ಪ, ಕಿಟಕಿಗಳಿಗೆ ಎರಡು ಮೂರು ಪದರ ಗಾಜು. ಸಂದಿನಲ್ಲಿ ಗಾಳಿ ನುಸುಳದು. ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ರೇಡಿಯೇಟರ್ ಎಂಬ ಕಬ್ಬಿಣದ ಫಲಕವಿರುತ್ತದೆ. ಅದಕ್ಕೆ ೧ರಿಂದ ೫ರವರೆಗೆ ಅಂಕಿಗಳುಳ್ಳ ಒಂದು ತಿರುಪು. ನಮ್ಮವರು ಚಳಿಯಾದೊಡನೆ ಅದನ್ನು ೫ಕ್ಕೆ ತಿರುಗಿಸುತ್ತಾರೆ, ಒಲೆಯ ಉರಿಯನ್ನು ಹೆಚ್ಚಿಸಿದಂತೆ ಬೇಗ ಕಾಯಲಿ ಎಂದು. ಆದರೆ ಆ ಅಂಕಿಯು ವೇಗವನ್ನು ಹೇಳುವುದಲ್ಲ, ಗುರಿಯನ್ನು ಹೇಳುವುದು. ೩ ಎಂದರೆ ಕೋಣೆ ಸುಮಾರು ೨೦ ಡಿಗ್ರಿಗೆ ಬಂದಾಗ ತನ್ನಷ್ಟಕ್ಕೆ ತಾನೇ ನಿಲ್ಲು ಎಂಬ ಆಜ್ಞೆ. ೫ ಎಂದರೆ ಅದಕ್ಕೂ ಬಹಳ ಮೇಲಕ್ಕೆ ಹೋಗು ಎಂಬ ಆಜ್ಞೆ. ಎರಡರಲ್ಲಿಯೂ ಕಾಯುವ ವೇಗ ಹೆಚ್ಚುಕಡಮೆ ಒಂದೇ. ವೆಚ್ಚ ಮಾತ್ರ ಒಂದೇ ಅಲ್ಲ. ೨೦೨೨ರಲ್ಲಿ ಯುಕ್ರೇನಿನ ಯುದ್ಧದಿಂದಾಗಿ ಆ ದೇಶದಲ್ಲಿ ಅನಿಲದ ಬೆಲೆ ಏರಿದ ಮೇಲೆ ಈ ತಿರುಪಿನ ವಿಚಾರದಲ್ಲಿ ಮನೆಮನೆಯೂ ಜಾಗರೂಕವಾಗಿದೆ.

ಮನೆ ಬೆಚ್ಚಗಾದ ಮೇಲೆ ಎರಡನೆಯ ತೊಡಕು ಬರುತ್ತದೆ. ಮಾನವರ ಉಸಿರು, ಸ್ನಾನ, ಅನ್ನ ಬೇಯಿಸುವ ಹಬೆ, ಒಳಗೇ ಒಣಹಾಕಿದ ಬಟ್ಟೆ, ಇವೆಲ್ಲದರ ನೀರಾವಿಯೂ ಹೊರಗೆ ಹೋಗಲಾರದೆ ಗೋಡೆಯ ತಣ್ಣನೆಯ ಮೂಲೆಗಳಲ್ಲಿ ಹನಿಯಾಗಿ ಕೂಡುತ್ತದೆ; ಕೆಲವು ವಾರಗಳಲ್ಲಿ ಅಲ್ಲಿ ಕಪ್ಪನೆಯ ಬೂಷ್ಟು ಹಿಡಿಯುತ್ತದೆ. ಸಾರು ಕುದಿಸಿ ಒಗ್ಗರಣೆ ಹಾಕುವ ನಮ್ಮ ಅಡಿಗೆಯಲ್ಲಿ ಹಬೆ ಇನ್ನಷ್ಟು ಹೆಚ್ಚು. ಬಾಡಿಗೆದಾರನಿಗೂ ಮನೆಯ ಒಡೆಯನಿಗೂ ಈ ಬೂಷ್ಟಿನ ವಿಷಯವಾಗಿ ವ್ಯಾಜ್ಯಗಳಾಗುವುದು ಅಲ್ಲಿ ಅಪರೂಪವಲ್ಲ. ಆದುದರಿಂದ ಆ ನಾಡಿನವರು ದಿನಕ್ಕೆ ಮೂರು ನಾಲ್ಕು ಬಾರಿ, ಹೊರಗೆ ಎಷ್ಟೇ ಚಳಿಯಿರಲಿ, ಎಲ್ಲ ಕಿಟಕಿಗಳನ್ನೂ ಐದು ನಿಮಿಷ ಪೂರ್ತಿಯಾಗಿ ತೆರೆದಿಟ್ಟು ಮತ್ತೆ ಭದ್ರವಾಗಿ ಮುಚ್ಚುತ್ತಾರೆ. ಅಷ್ಟರಲ್ಲಿ ತೇವದ ಗಾಳಿ ಹೊರಟುಹೋಗಿ ಒಣಗಾಳಿ ಒಳಬರುತ್ತದೆ. ಕಾವೆಲ್ಲ ಗೋಡೆ, ನೆಲ, ಪೀಠೋಪಕರಣಗಳಲ್ಲಿ ಉಳಿದಿರುವುದರಿಂದ ಕೋಣೆ ಕೂಡಲೇ ಮರಳಿ ಬೆಚ್ಚಗಾಗುತ್ತದೆ. ಕಿಟಕಿಯನ್ನು ದಿನವೆಲ್ಲ ಬೆರಳಗಲ ತೆರೆದಿಟ್ಟರೆ ಗೋಡೆಯೇ ತಣ್ಣಗಾಗಿ ನಷ್ಟ. ಸದಾ ಮುಚ್ಚಿಟ್ಟರೆ ಬೂಷ್ಟು. ಮೊಮ್ಮಗುವಿಗೆ ಶೀತವಾದೀತೆಂದು ಅಜ್ಜಿ ಕಿಟಕಿ ಮುಚ್ಚುವುದು, ಮಗಳು ಬಂದು ತೆರೆಯುವುದು, ಇಬ್ಬರೂ ಮುಖ ಊದಿಸಿಕೊಳ್ಳುವುದು! ಕಾರಣವನ್ನು ಮೊದಲೇ ತಿಳಿಸಿದ್ದರೆ ಈ ಕಲಹಕ್ಕೆ ಎಡೆಯೇ ಇರುತ್ತಿರಲಿಲ್ಲ.

ಒಳಬಂದ ಗಾಳಿಯು ಒಣಗಾಳಿಯೆಂದು ಹೇಳಿದೆನಷ್ಟೆ. ಹೊರಗೆ ಕಾವಳ ಕವಿದಿರುವಾಗ ಗಾಳಿ ಒಣಗಿರುವುದು ಹೇಗೆ ಎಂದು ತಾವು ಕೇಳಬಹುದು. ಸೊನ್ನೆ ಡಿಗ್ರಿಯ ಒಂದು ಘನಮೀಟರು ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ೫ ಗ್ರಾಂ. ೨೦ ಡಿಗ್ರಿಯದು ಸುಮಾರು ೧೭ ಗ್ರಾಂ. ಆ ೫ ಗ್ರಾಮಿನ ಗಾಳಿಯನ್ನೇ ಒಳಗೆ ತಂದು ಕಾಯಿಸಿದರೆ ಅದರ ಪಾತ್ರೆ ಹಿಗ್ಗಿತು, ನೀರು ಹೆಚ್ಚಲಿಲ್ಲ. ಮೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ ತುಂಬಿದಂತಾಯಿತು. ಆ ಗಾಳಿ ನಮ್ಮ ತುಟಿ, ಮೂಗು, ಹಿಮ್ಮಡಿಗಳಿಂದ ತೇವವನ್ನು ಹೀರುತ್ತದೆ. ಬಾಯಾರಿಕೆ ತೋರದಿದ್ದರೂ ನೀರು ಕುಡಿಯುತ್ತಿರಬೇಕು. ಮೈಗೆ ಎಣ್ಣೆ ಹಚ್ಚುವ ನಮ್ಮ ಹಳೆಯ ಪದ್ಧತಿ ಅಲ್ಲಿ ಬಹಳ ಹಿತಕರ. ಆದರೆ ಕೊಬ್ಬರಿ ಎಣ್ಣೆ ೨೪ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಸಣ್ಣ ಬಾಯಿಯ ಸೀಸೆಯಲ್ಲಿ ಒಯ್ದರೆ ಚಳಿಗಾಲವೆಲ್ಲ ಅದು ಸೀಸೆಯಲ್ಲಿಯೇ ಉಳಿಯುತ್ತದೆ. ಅಗಲಬಾಯಿಯ ಡಬ್ಬಿಯೇ ಲೇಸು.

ಉಡುಪಿನ ತತ್ವವನ್ನು ನಮ್ಮ ಕುರುಬರ ಕಂಬಳಿಯೇ ಕಲಿಸುತ್ತದೆ. ಮೈಯನ್ನು ಕಾಯುವುದು ಉಣ್ಣೆಗಿಂತ ಹೆಚ್ಚಾಗಿ ಉಣ್ಣೆಯ ಎಳೆಗಳ ನಡುವೆ ಸಿಕ್ಕಿ ಅಲುಗಾಡದೆ ನಿಂತ ಗಾಳಿ. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಅಂಗಿಗಳು ಮೇಲಾಗುವುದು ಇದರಿಂದಲೇ. ಪದರ ಪದರಗಳ ನಡುವೆ ಗಾಳಿ ನಿಲ್ಲುತ್ತದೆ, ಮನೆಯೊಳಗೆ ಬಂದಾಗ ಒಂದೊಂದನ್ನೇ ಕಳಚಬಹುದು. ಮೈಗೆ ತಾಗಿ ಉಣ್ಣೆ, ಅದರ ಮೇಲೆ ಇನ್ನೊಂದು ಬೆಚ್ಚನೆಯ ಅಂಗಿ, ಎಲ್ಲಕ್ಕೂ ಹೊರಗೆ ಗಾಳಿಯನ್ನೂ ನೀರನ್ನೂ ತಡೆಯುವ ಹೊದಿಕೆ. ಹತ್ತಿಯ ಬಟ್ಟೆ ಬೆವರಿನಿಂದ ಒದ್ದೆಯಾದರೆ ಬೇಗ ಒಣಗದು, ಚಳಿಯನ್ನು ಹೆಚ್ಚಿಸುತ್ತದೆ. ಸೀರೆಯನ್ನು ಬಿಡಲೊಲ್ಲದ ತಾಯಂದಿರು ಒಳಗೆ ಉಣ್ಣೆಯ ಕಾಲುಚೀಲವನ್ನು ಸೊಂಟದವರೆಗೆ ತೊಟ್ಟು, ಹೊರಗೆ ಹೋಗುವಾಗ ಅಂಚು ಹಿಮದಲ್ಲಿ ನೆನೆಯದಂತೆ ಸೀರೆಯನ್ನು ಸ್ವಲ್ಪ ಮೇಲಕ್ಕೆ ಉಡಬೇಕು. ಎಲ್ಲದರಲ್ಲಿ ಮಿತವ್ಯಯ ಮಾಡಬಹುದು, ಪಾದರಕ್ಷೆಯಲ್ಲಿ ಕೂಡದು. ಆಳವಾದ ಗೀರುಗಳುಳ್ಳ ಮೆತ್ತನೆಯ ರಬ್ಬರಿನ ಅಟ್ಟೆ ಇರಲೇಬೇಕು. ನಡೆಯುವಾಗ ಬಾತುಕೋಳಿಯಂತೆ ಸಣ್ಣ ಹೆಜ್ಜೆ, ಪಾದ ಚಪ್ಪಟೆ, ಮೈಭಾರ ಮುಂದಿನ ಕಾಲಿನ ಮೇಲೆ, ಕೈಗಳು ಜೇಬಿನಿಂದ ಹೊರಗೆ. ಅರುವತ್ತರ ಮೇಲೆ ಬಿದ್ದು ಸೊಂಟದ ಮೂಳೆ ಮುರಿದರೆ ಆ ಪ್ರಯಾಣದ ಸಂತೋಷವೆಲ್ಲ ಆಸ್ಪತ್ರೆಯ ಪಾಲು.

ಈ ಜಾರುವ ದಾರಿಗೆ ಆ ಹಳ್ಳಿಯವರು ಕಂಡುಕೊಂಡ ಉಪಾಯವು ಗಮನಾರ್ಹವಾಗಿದೆ. ಮನೆಯ ಮುಂದಣ ಕಾಲುದಾರಿಯ ಹಿಮವನ್ನು ತೆಗೆಯುವ ಹೊಣೆ ಆಯಾ ಮನೆಯವರದು. ಊರೂರಿನ ಪೌರಸಭೆಯೂ ಇದಕ್ಕೆ ನಿಯಮ ಮಾಡಿರುತ್ತದೆ. ಕೆಲಸದ ದಿನಗಳಲ್ಲಿ ಸಾಮಾನ್ಯವಾಗಿ ಬೆಳಗ್ಗೆ ಏಳು ಗಂಟೆಯೊಳಗೆ ದಾರಿ ಸಿದ್ಧವಾಗಿರಬೇಕು, ಭಾನುವಾರ ಸ್ವಲ್ಪ ತಡವಾಗಬಹುದು. ಹಿಮವನ್ನು ಸಲಿಕೆಯಿಂದ ಬದಿಗೆ ಸರಿಸಿ, ಮರಳನ್ನೋ ಸಣ್ಣ ಜಲ್ಲಿಯನ್ನೋ ಎರಚುತ್ತಾರೆ. ಉಪ್ಪು ಗಿಡಮರಗಳಿಗೂ ನೀರಿಗೂ ಕೇಡೆಂದು ಅನೇಕ ಊರುಗಳಲ್ಲಿ ಅದನ್ನು ನಿರ್ಬಂಧಿಸಿದ್ದಾರೆ. ದಾರಿಹೋಕನು ಜಾರಿ ಬಿದ್ದರೆ ಕರ್ತವ್ಯ ತಪ್ಪಿದ ಮನೆಯವನು ನಷ್ಟ ತೆರಬೇಕಾದೀತು. ಬಾಡಿಗೆದಾರರಿದ್ದಲ್ಲಿ ಕರಾರಿನ ಪ್ರಕಾರ ಈ ಹೊಣೆ ಅವರಿಗೆ ವರ್ಗವಾಗುವುದೂ ಉಂಟು. ಬೆಳಗಾಗೆದ್ದು ಬಾಗಿಲ ಮುಂದೆ ಗುಡಿಸಿ ಸಾರಿಸಿ ರಂಗವಲ್ಲಿ ಇಡುವ ನಮ್ಮ ಮನೆಯವರಿಗೆ ಇದರ ಅರ್ಥ ಸುಲಭವಾಗಿ ಹೊಳೆಯಬೇಕು. ನಮ್ಮಲ್ಲಿ ಅದು ಮಂಗಳಕ್ಕಾಗಿ, ಅಲ್ಲಿ ನೆರೆಯವನ ಮೂಳೆಗಾಗಿ. ಎರಡರಲ್ಲಿಯೂ ಈ ಮನೆಯಲ್ಲಿ ಎಚ್ಚರವಾಗಿರುವವರು ಇದ್ದಾರೆ ಎಂಬ ಸಂದೇಶ ಒಂದೇ.

ನನ್ನ ತಾಯಿಯವರ ಅನುಭವವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ತಂಗಿಯ ಮನೆಗೆ ಹೋದ ಮೊದಲ ಎರಡು ವಾರ ಅವರು ಹೊಸ್ತಿಲು ದಾಟಲಿಲ್ಲ. ಮಗಳೂ ಅಳಿಯನೂ ಬೆಳಗಿನ ಕತ್ತಲಲ್ಲಿ ಹೋಗಿ ಸಂಜೆಯ ಕತ್ತಲಲ್ಲಿ ಬರುತ್ತಿದ್ದರು, ಮಗು ಶಾಲೆಗೆ. ತಾಯಿ ಮಾಡುವ ಕೆಲಸಕ್ಕೆಲ್ಲ ತಂಗಿ "ನೀನು ಸುಮ್ಮನೆ ಕೂತಿರಮ್ಮ, ರೆಸ್ಟ್ ತೊಗೋ" ಎನ್ನುತ್ತಿದ್ದಳು. ಪ್ರೀತಿಯ ಮಾತೇ, ಆದರೆ ವಿಶ್ರಾಂತಿಯು ಅತಿಯಾದರೆ ಸೆರೆಯಾಗುತ್ತದೆ. ಮೂರನೆಯ ವಾರ ತಾಯಿಯವರು ಯಾರನ್ನೂ ಕೇಳದೆ ಬಾಗಿಲ ಬಳಿಯಿದ್ದ ಬಕೀಟಿನಿಂದ ಜಲ್ಲಿಯನ್ನು ಮೊರದಲ್ಲಿ ತೆಗೆದುಕೊಂಡು ಮೆಟ್ಟಿಲಿನ ಮೇಲೆ ಎರಚತೊಡಗಿದರು. ಎದುರುಮನೆಯ ವೃದ್ಧೆ ಸಲಿಕೆಯನ್ನು ನಿಲ್ಲಿಸಿ "ಗ್ರ್ಯೂಸ್ ಗಾಟ್" ಎಂದರಂತೆ. ದಕ್ಷಿಣ ಜರ್ಮನಿಯವರು ದಾರಿಯಲ್ಲಿ ಕಂಡವರಿಗೆಲ್ಲ ಹೇಳುವ ವಂದನೆಯದು. ದೇವರು ನಿಮ್ಮನ್ನು ಹರಸಲಿ ಎಂಬ ಭಾವ. ತಾಯಿ ಕೈಮುಗಿದು "ನಮಸ್ಕಾರ" ಎಂದರು. ಅಂದಿನಿಂದ ದಿನವೂ ಹನ್ನೆರಡು ಗಂಟೆಗೆ ಇಬ್ಬರೂ ಹಳ್ಳಿಯ ಬೀದಿಯಲ್ಲಿ ಒಂದು ಸುತ್ತು ನಡೆಯುವ ರೂಢಿಯಾಯಿತು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಇಬ್ಬರೂ ಮಾತನಾಡುತ್ತಲೇ ಇದ್ದರು. ಸಂಜೆ ತಂಗಿ ಬರುವ ಹೊತ್ತಿಗೆ ಆ ಬೀದಿಯ ವಾರ್ತೆಯನ್ನು ಅವಳಿಗೆ ಹೇಳುವವರು ತಾಯಿಯವರೇ ಆದರು.

ಮಧ್ಯಾಹ್ನದ ಆ ನಡಿಗೆಗೆ ವೈದ್ಯರ ಸಮ್ಮತಿಯೂ ಉಂಟು. ಬೆಳಕಿನ ಅಭಾವದಿಂದ ಚಳಿಗಾಲದಲ್ಲಿ ಮಾತ್ರ ತಲೆದೋರುವ ಮನಸ್ಸಿನ ಕುಗ್ಗುವಿಕೆಯನ್ನು ೧೯೮೪ರಲ್ಲಿ ಅಮೆರಿಕದ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು ಒಂದು ವ್ಯಾಧಿಯೆಂದು ವಿವರಿಸಿದರು. ಮೋಡ ಕವಿದ ದಿನದಲ್ಲಿಯೂ ಹೊರಗಿನ ಬೆಳಕು ಮನೆಯೊಳಗಣ ದೀಪದ ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚು. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಆ ಭೇದ ನಮಗೆ ಗೊತ್ತಾಗುವುದಿಲ್ಲ. ಆದುದರಿಂದ ಹಗಲಿನ ನಡುವೆ ಅರ್ಧ ಗಂಟೆಯಾದರೂ ಹೊರಗೆ ಇರುವುದನ್ನು ಸ್ನಾನ ಭೋಜನಗಳಂತೆ ನಿತ್ಯವಿಧಿಯೆಂದೇ ಎಣಿಸಬೇಕು.

ಕತ್ತಲೆಯ ಆ ತಿಂಗಳುಗಳನ್ನು ಹಳ್ಳಿಯವರೂ ಹಬ್ಬಗಳಿಂದ ತುಂಬಿದ್ದಾರೆ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಹಸುರೆಲೆಯ ಮಾಲೆಯ ಮೇಲೆ ವಾರಕ್ಕೊಂದರಂತೆ ಮೇಣದ ಬತ್ತಿಯನ್ನು ಹೆಚ್ಚಿಸುತ್ತ ಬೆಳಗುತ್ತಾರೆ. ಈ ಪದ್ಧತಿಯನ್ನು ೧೮೩೯ರಲ್ಲಿ ಹ್ಯಾಂಬರ್ಗಿನ ಪಾದ್ರಿ ಯೋಹಾನ್ ಹಿನ್ರಿಕ್ ವಿಕರ್ನ್ ಅನಾಥ ಬಾಲಕರಿಗಾಗಿ ಆರಂಭಿಸಿದರು. ಕಾರ್ತಿಕದ ದೀಪವನ್ನು ಬಲ್ಲ ನಮ್ಮವರಿಗೆ ಇದು ಅಪರಿಚಿತವಾಗದು. ಲಿಂಗರಾಜಪುರದ ಕ್ರೈಸ್ತ ಕುಟುಂಬಗಳಿಗಂತೂ ಸ್ವಂತ ಹಬ್ಬವೇ ಸರಿ. ಆದರೆ ನಮ್ಮಲ್ಲಿಯಂತೆ ಬೀದಿ ತುಂಬ ಗದ್ದಲವನ್ನು ಅಲ್ಲಿ ನಿರೀಕ್ಷಿಸಬಾರದು. ಡಿಸೆಂಬರ್ ೨೪ರ ಸಂಜೆಯು ಮನೆಮಂದಿಯದು. ಆ ಮಧ್ಯಾಹ್ನ ಮುಚ್ಚಿದ ಅಂಗಡಿಗಳು ೨೫, ೨೬ ಎರಡು ದಿನವೂ ತೆರೆಯುವುದಿಲ್ಲ. ಭಾನುವಾರಗಳಲ್ಲಿಯೂ ಹಾಗೆಯೇ. ಹಾಲು ತರಕಾರಿಗಳನ್ನು ಮುಂಚಿತವಾಗಿ ತಂದಿಡದವರಿಗೆ ಫಜೀತಿ. ಜನವರಿ ೬ ಮೂವರು ಜ್ಞಾನಿಗಳ ಹಬ್ಬ. ಮಕ್ಕಳು ರಾಜರ ವೇಷ ತೊಟ್ಟು ಮನೆಮನೆಗೆ ಬಂದು ಹಾಡಿ, ಬಾಗಿಲ ಮೇಲೆ ಸೀಮೆಸುಣ್ಣದಿಂದ ಹರಕೆಯ ಅಕ್ಷರಗಳನ್ನು ಬರೆದು, ಬಡಮಕ್ಕಳಿಗಾಗಿ ಕಾಣಿಕೆ ಕೂಡಿಸುತ್ತಾರೆ. ಸುಗ್ಗಿಗೆ ನಮ್ಮ ಮಕ್ಕಳು ಎಳ್ಳುಬೆಲ್ಲ ಬೀರಲು ಹೊರಡುವುದಕ್ಕೆ ಅದು ಒಂದು ವಾರ ಮೊದಲು.

ಊಟದ ವಿಷಯದಲ್ಲಿಯೂ ಆ ಸೀಮೆ ನಮಗೆ ತೀರ ದೂರವಲ್ಲ. ಆಲ್ಬಿನ ಬಡರೈತರ ಮುಖ್ಯ ಆಹಾರಗಳಲ್ಲಿ ಒಂದು ನಮ್ಮ ಚನ್ನಂಗಿಯ ಜಾತಿಯದೇ ಆದ ಸಣ್ಣ ಬೇಳೆಕಾಳು. ಅದನ್ನು ಷ್ಪೆಟ್ಸ್‌ಲೆ ಎಂಬ ಗೋದಿ ಮೊಟ್ಟೆಗಳ ಶಾವಿಗೆಯೊಡನೆ ತಿನ್ನುತ್ತಾರೆ. ಲಾಭವಿಲ್ಲದ ಬೆಳೆಯೆಂದು ಇಪ್ಪತ್ತನೆಯ ಶತಮಾನದ ನಡುವೆ ರೈತರು ಅದನ್ನು ಕೈಬಿಟ್ಟು, ಹಳೆಯ ಬೀಜವೇ ಕಳೆದುಹೋಗಿತ್ತು. ಅಲ್ಲಿಯ ಕೆಲವು ಕೃಷಿಕರು ಹುಡುಕುತ್ತಿರಲು, ೨೦೦೬ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಬೀಜಭಂಡಾರದಲ್ಲಿ ಅದೇ ಆಲ್ಬಿನ ತಳಿಗಳು ಸುರಕ್ಷಿತವಾಗಿರುವುದು ಪತ್ತೆಯಾಯಿತು. ಈಗ ಅವು ಮತ್ತೆ ಹೊಲಗಳಲ್ಲಿ ಬೆಳೆಯುತ್ತಿವೆ. ಮನೆಯಿಂದ ದೂರ ಹೋಗಿದ್ದ ಕಾಳು ಮನೆಗೆ ಮರಳಿತು. ಆ ಕಾಳಿನಿಂದ ನಮ್ಮ ತಾಯಿಯವರು ಹುಳಿ ಮಾಡಿ ಎದುರುಮನೆಗೆ ಕಳುಹಿಸಿದಾಗ, ಆ ಬಟ್ಟಲು ಬರಿದಾಗಿ ಹಿಂದಿರುಗಲಿಲ್ಲ. ಅದರ ತುಂಬ ಮನೆಯಲ್ಲಿ ಸುಟ್ಟ ಬಿಸ್ಕತ್ತುಗಳಿದ್ದುವು.

ಹೊರಡುವವರು ಗಮನಿಸಬೇಕಾದ ಕೆಲವು ವ್ಯವಹಾರದ ಮಾತುಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಷೆಂಗೆನ್ ಒಪ್ಪಂದದ ನಾಡುಗಳಲ್ಲಿ ಅಲ್ಪಾವಧಿಯ ರಹದಾರಿಯಿಂದ ಯಾವುದೇ ೧೮೦ ದಿನಗಳಲ್ಲಿ ೯೦ ದಿನ ಮಾತ್ರ ಇರಬಹುದು. ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಮಧುಮೇಹ, ರಕ್ತದೊತ್ತಡ ಮೊದಲಾದ ಹಳೆಯ ರೋಗಗಳ ವೆಚ್ಚವನ್ನು ಅನೇಕ ವಿಮೆಗಳು ಭರಿಸುವುದಿಲ್ಲ; ಆದುದರಿಂದ ಕರಾರನ್ನು ಅಕ್ಷರಶಃ ಓದಿ ನೋಡಬೇಕು. ಔಷಧಿಯನ್ನು ಇರುವಷ್ಟು ದಿನಕ್ಕೂ ಸಾಲುವಂತೆ, ವೈದ್ಯರ ಪತ್ರದೊಡನೆ, ಕೈಚೀಲದಲ್ಲಿಯೇ ಒಯ್ಯಬೇಕು. ಹಳ್ಳಿಯಲ್ಲಿ ವೈದ್ಯರು ವಿರಳ, ಔಷಧದಂಗಡಿ ಮುಂದಿನ ಊರಿನಲ್ಲಿ, ಭಾನುವಾರ ಬಸ್ಸು ಅಪರೂಪ. ಆಪತ್ತಿಗೆ ಕರೆಯಬೇಕಾದ ಸಂಖ್ಯೆ ೧೧೨. ಮನೆಯ ವಿಳಾಸವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಫೋನಿನ ಬಳಿ ಅಂಟಿಸಿಡಬೇಕು. ಹೃದಯದ ದುರ್ಬಲತೆ ಅಥವಾ ಉಬ್ಬಸವುಳ್ಳವರು ತಮ್ಮ ವೈದ್ಯರನ್ನು ಕೇಳದೆ ಹೊರಡಲೇ ಕೂಡದು, ತಣ್ಣನೆಯ ಗಾಳಿ ಇವೆರಡನ್ನೂ ಕೆಣಕುತ್ತದೆ.

ಕಡೆಯದಾಗಿ, ಕರೆಸಿಕೊಳ್ಳುವ ಮಕ್ಕಳಿಗೂ ಒಂದು ಮಾತು ಸಲ್ಲಬೇಕು. ವಿಮಾನದ ಟಿಕೆಟ್ಟು, ಬೆಚ್ಚನೆಯ ಕೋಟು, ಟೆಲಿವಿಷನ್ನಿನಲ್ಲಿ ಕನ್ನಡದ ಚಿತ್ರಗಳು, ಇವನ್ನೆಲ್ಲ ಒದಗಿಸಿದರೆ ಆತಿಥ್ಯ ಮುಗಿಯಿತೆಂದು ಅವರು ತಿಳಿಯುತ್ತಾರೆ. ಬೆಂಗಳೂರಿನ ತನ್ನ ಮನೆಯಲ್ಲಿ ಹಾಲಿನವನಿಂದ ಹಿಡಿದು ಸಂಜೆಯ ದೀಪದವರೆಗೆ ಎಲ್ಲಕ್ಕೂ ಯಜಮಾನಿಯಾಗಿದ್ದ ತಾಯಿಯನ್ನು ಮೂರು ತಿಂಗಳು ಸೋಫಾದ ಮೇಲೆ ಕೂಡಿಸುವುದು ಗೌರವವಲ್ಲ. ಕಿಟಕಿ ತೆರೆದು ಮುಚ್ಚುವ ವೇಳೆ, ಮೆಟ್ಟಿಲಿಗೆ ಜಲ್ಲಿ, ಮಗುವನ್ನು ಬಸ್ಸಿನಿಂದ ಕರೆತರುವುದು, ಇವುಗಳಲ್ಲಿ ಆ ವಯಸ್ಸಿಗೆ ಅಪಾಯವಿಲ್ಲದುದನ್ನು ಆರಿಸಿ, ಕಾರಣವನ್ನು ವಿವರಿಸಿ, ನಿಜವಾಗಿಯೂ ಅವರಿಗೇ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಹಿಂದೆ ನಿಂತು ತಿದ್ದಬಾರದು. ತಾಯಿತಂದೆಗಳೂ ತಮ್ಮ ಪಾಲಿನ ಕೆಲಸವನ್ನು ಕೇಳಿ ಪಡೆಯಬೇಕು; ಹೇಳಿಕೊಟ್ಟ ಕಟ್ಟಳೆಯನ್ನು ಮಕ್ಕಳ ಹಟವೆಂದು ಎಣಿಸದೆ, ಆ ನೆಲದ ಅನುಭವವೆಂದು ಒಪ್ಪಬೇಕು. ಬೇಸಗೆಯಲ್ಲಿ ಹೋದವರು ಆ ನಾಡಿನ ಸೊಬಗನ್ನು ನೋಡಿ ಬರುತ್ತಾರೆ. ಚಳಿಗಾಲದಲ್ಲಿ ಹೋದವರಿಗೆ ತಮ್ಮ ಮಕ್ಕಳು ದಿನದಿನವೂ ಯಾವ ಕತ್ತಲೆಯಲ್ಲಿ ಎದ್ದು, ಯಾವ ದಾರಿಯಲ್ಲಿ ನಡೆದು ಬಾಳುತ್ತಿದ್ದಾರೆಂಬುದು ತಿಳಿದುಬರುತ್ತದೆ. ಅದನ್ನು ತಿಳಿಯುವುದಕ್ಕಾಗಿ ಸ್ವಲ್ಪ ಚಳಿಯನ್ನು ಸಹಿಸಬಹುದೆಂದು ನನ್ನ ನಂಬಿಕೆ.